ನೀಲಗಿರಿಯ ಹಿತ್ತಲಿನಲ್ಲಿ ವಿಷವಿಲ್ಲದ ಸೊಪ್ಪು

ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನಕ್ಕೆ ಇಂದು ಜನರು ಹೂವುಗಳನ್ನು ನೋಡಲೆಂದು ಬರುತ್ತಾರೆ. ಆದರೆ ಆ ಉದ್ಯಾನ ಹುಟ್ಟಿದ್ದು ತರಕಾರಿಯ ಕೊರತೆಯಿಂದ. 1845ರಲ್ಲಿ ಅಲ್ಲಿ ನೆಲೆಸಿದ್ದ ಯುರೋಪಿಯನ್ನರು ತಿಂಗಳಿಗೆ ತಲಾ 3 ರೂಪಾಯಿ ಚಂದಾ ಕೂಡಿಸಿ, ತಮ್ಮ ಮನೆಗಳಿಗೆ ತರಕಾರಿ ಒದಗಿಸಿಕೊಳ್ಳಲು ತೋಟವೊಂದನ್ನು ಮಾಡಿಕೊಂಡರು. 1848ರಲ್ಲಿ ವಿಲಿಯಂ ಗ್ರಹಾಂ ಮೆಕೈವರ್ ಅದನ್ನು ಸಸ್ಯೋದ್ಯಾನವಾಗಿ ರೂಪಿಸತೊಡಗಿದರು. ಅದಕ್ಕೂ ಬಹು ಹಿಂದಿನಿಂದ, ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರು ಇದೇ ಇಳಿಜಾರುಗಳಲ್ಲಿ ಕೊಟ್ಟಿಗೆ ಗೊಬ್ಬರವನ್ನೇ ನಂಬಿ ರಾಗಿ, ಸಾಮೆ, ಸೊಪ್ಪುಗಳನ್ನು ಬೆಳೆದುಕೊಂಡು ಬಂದಿದ್ದರು. ಆದುದರಿಂದ ಮನೆಯ ಹಿತ್ತಲಿನಲ್ಲಿ ರಾಸಾಯನಿಕಗಳಿಲ್ಲದೆ ತರಕಾರಿ ಬೆಳೆಯುವುದು ಈ ಬೆಟ್ಟಗಳಿಗೆ ಹೊಸ ಮಾತಲ್ಲ.

ಇಷ್ಟೇ ಅಲ್ಲ, ಸಾವಯವ ಕೃಷಿ ಎಂದು ಇಂದು ಜಗತ್ತು ಕರೆಯುವ ವಿಚಾರದ ಒಂದು ಬೇರು ಕೂನೂರಿನಲ್ಲಿದೆ. 1920ರ ದಶಕದಲ್ಲಿ ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ ಆಹಾರದ ಕುರಿತು ಸಂಶೋಧನೆ ನಡೆಸುತ್ತಿದ್ದ ವೈದ್ಯ ರಾಬರ್ಟ್ ಮೆಕ್ಯಾರಿಸನ್, ವಿಶ್ವನಾಥ್ ಅವರೊಡಗೂಡಿ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಕಾಳನ್ನೂ ರಾಸಾಯನಿಕ ಗೊಬ್ಬರದಲ್ಲಿ ಬೆಳೆದ ಕಾಳನ್ನೂ ಹೋಲಿಸಿ ನೋಡಿದರು. ಕೊಟ್ಟಿಗೆ ಗೊಬ್ಬರದ ಕಾಳು ಹೆಚ್ಚು ಪುಷ್ಟಿಕರವೆಂದು 1926ರಲ್ಲಿ ವರದಿ ಮಾಡಿದರು. ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನವನ್ನು ರೂಪಿಸಿದ ಆಲ್ಬರ್ಟ್ ಹೋವರ್ಡ್ ಅವರಿಗೆ ಮೆಕ್ಯಾರಿಸನ್ನರ ಕೆಲಸ ದೊಡ್ಡ ಬಲವಾಯಿತು. ಅನಂತರ ನಡೆದ ಅಧ್ಯಯನಗಳೆಲ್ಲವೂ ಪೋಷಕಾಂಶದ ವಿಷಯದಲ್ಲಿ ಒಂದೇ ಮಾತನ್ನು ಹೇಳಿಲ್ಲ. ಆದರೆ ಮಣ್ಣಿನ ಆರೋಗ್ಯಕ್ಕೂ ಉಣ್ಣುವವರ ಆರೋಗ್ಯಕ್ಕೂ ನಂಟಿದೆಯೆಂಬ ಪ್ರಶ್ನೆಯನ್ನು ಕೂನೂರಿನ ಆ ಪ್ರಯೋಗಾಲಯ ಲೋಕದ ಮುಂದಿಟ್ಟಿತು. ಅದೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಮೊದಲು ಮಣ್ಣು

ಬಯಲು ಸೀಮೆಯ ಸಾವಯವ ಸೂತ್ರಗಳನ್ನು ಇದ್ದಂತೆಯೇ ತಂದು ಇಲ್ಲಿ ಪ್ರಯೋಗಿಸಿದವರು ಮೊದಲ ವರ್ಷದಲ್ಲೇ ಸೋಲುವುದುಂಟು. ನೀಲಗಿರಿಯ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣು. ಚಹಾ ಗಿಡಕ್ಕೆ ಅದು ಹಿತ, ಎಲೆಕೋಸು, ಬೀಟ್‌ರೂಟ್, ಬೆಳ್ಳುಳ್ಳಿಗಳಿಗೆ ಅಲ್ಲ. ಇಂಥ ಮಣ್ಣಿನಲ್ಲಿ ಎಲೆಕೋಸಿನ ಬೇರು ಗಂಟುಗಟ್ಟಿ ಗಿಡ ಬಾಡುವ ರೋಗವೂ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ, ಅದರ ಫಲಿತಾಂಶಕ್ಕೆ ತಕ್ಕಷ್ಟು ಕೃಷಿ ಸುಣ್ಣವನ್ನು ಬಿತ್ತನೆಗೆ ಕೆಲವು ವಾರ ಮೊದಲೇ ಬೆರೆಸುವುದು ಲೇಸು. ಸೌದೆ ಒಲೆಯ ಬೂದಿಯೂ ಹುಳಿಯನ್ನು ತಗ್ಗಿಸುತ್ತದೆ. ಆದರೆ ಅದನ್ನು ಹಿಡಿಯಷ್ಟೇ ಎರಚಬೇಕು.

ಎರಡನೆಯ ತೊಡಕು ಇಳಿಜಾರು. ಮಳೆಗೆ ಮೊದಲು ಕೊಚ್ಚಿ ಹೋಗುವುದು ಫಲವತ್ತಾದ ಮೇಲ್ಮಣ್ಣು. ಪಾತಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ, ಅಂಚಿಗೆ ಕಲ್ಲು ಜೋಡಿಸಿ, ಬರಿ ನೆಲ ಕಾಣದಂತೆ ಒಣ ಎಲೆ ಹುಲ್ಲಿನ ಹೊದಿಕೆ ಹಾಸಿದರೆ ಆ ಮಣ್ಣು ಉಳಿಯುತ್ತದೆ.

ಮೂರನೆಯದು ಚಳಿ. ಬಯಲಿನಲ್ಲಿ ಮೂರು ತಿಂಗಳಲ್ಲಿ ಹಣ್ಣಾಗುವ ಕಾಂಪೋಸ್ಟ್ ಉದಕಮಂಡಲದ ಚಳಿಯಲ್ಲಿ ಬಹಳ ನಿಧಾನ ಮಾಡುತ್ತದೆ. ರಾಶಿ ತೀರ ಚಿಕ್ಕದಿದ್ದರೆ ಒಳಗೆ ಬಿಸಿಯೇ ಹುಟ್ಟುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಸುಮಾರು ಒಂದು ಮೀಟರ್ ಇರುವ ರಾಶಿಯನ್ನು ಬಿಸಿಲು ಬೀಳುವ ಕಡೆ ಒಟ್ಟಿ, ಅಡುಗೆಮನೆಯ ಹಸಿ ತ್ಯಾಜ್ಯದ ಎರಡು ಮೂರು ಪಟ್ಟು ಒಣ ಎಲೆ ಸೇರಿಸಿ, ಆಗಾಗ ತಿರುವಿ ಹಾಕಬೇಕು. ನೀಲಗಿರಿ ಮರದ ಎಣ್ಣೆಯುಕ್ತ ಎಲೆಗಳನ್ನು ಹೆಚ್ಚಾಗಿ ಬೆರೆಸಬಾರದು. ಸೋಸಿದ ಚಹಾಪುಡಿ ಧಾರಾಳವಾಗಿ ಆಗುತ್ತದೆ. ಹಸಿ ಸಗಣಿಯನ್ನು ನೇರವಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣುಗಳೂ ತಗಲುತ್ತವೆ. ಚೆನ್ನಾಗಿ ಕಳಿತ ಗೊಬ್ಬರವೇ ಬೇಕು.

ಒಂದೇ ಜಿಲ್ಲೆ, ಮೂರು ಹಿತ್ತಲು

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಬ್ಬನಿ ಹೆಪ್ಪುಗಟ್ಟಿ ಹುರುಳಿಕಾಯಿ, ಟೊಮ್ಯಾಟೊ, ಆಲೂಗಡ್ಡೆಯ ಎಲೆಗಳನ್ನು ಒಂದೇ ರಾತ್ರಿಯಲ್ಲಿ ಸುಡುತ್ತದೆ. ಕ್ಯಾರೆಟ್, ಮೂಲಂಗಿ, ಎಲೆಕೋಸು, ಬೆಳ್ಳುಳ್ಳಿಗಳು ತಾಳಿಕೊಳ್ಳುತ್ತವೆ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಹಳ್ಳದ ಪಾತಿಗಿಂತ ದಿಬ್ಬದ ಪಾತಿ ಸುರಕ್ಷಿತ. ಎಳೆಯ ಸಸಿಗಳಿಗೆ ಸಂಜೆ ಹುಲ್ಲನ್ನೋ ಹಳೆಯ ಬಟ್ಟೆಯನ್ನೋ ಹೊದಿಸಿ ಬೆಳಿಗ್ಗೆ ತೆಗೆಯುವುದು ಮಕ್ಕಳೂ ಮಾಡಬಲ್ಲ ಕೆಲಸ.

ಅದರ ಅರ್ಧದಷ್ಟು ಎತ್ತರದ ಗೂಡಲೂರಿನ ಕಥೆ ಬೇರೆ. ಅಲ್ಲಿ ನೈಋತ್ಯ ಮುಂಗಾರು ಭರದಿಂದ ಸುರಿಯುತ್ತದೆ. ಕಾಳುಮೆಣಸು, ಅರಿಶಿನ, ಕೆಸುವು, ಸುವರ್ಣಗೆಡ್ಡೆ, ಬಸಳೆ ಹುಲುಸಾಗಿ ಬೆಳೆಯುತ್ತವೆ. ನೀರು ನಿಂತರೆ ಶುಂಠಿ ಕೊಳೆಯುತ್ತದೆ. ಆದುದರಿಂದ ಪಾತಿಯನ್ನು ಎತ್ತರಿಸಿ ನೀರು ಬಸಿಯಲು ಕಾಲುವೆ ಬಿಡಬೇಕು. ಮಳೆ ಗೊಬ್ಬರದ ಸತ್ವವನ್ನು ಕೊಚ್ಚಿಕೊಂಡು ಹೋಗುವುದರಿಂದ ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಜಾಣತನ.

ಮಸಿನಗುಡಿ ಮಳೆನೆರಳಿನ ಒಣ ನಾಡು. ಅಲ್ಲಿ ನುಗ್ಗೆ, ಅಲಸಂದೆ, ಅವರೆ, ಬದನೆ, ದಂಟಿನ ಸೊಪ್ಪುಗಳು ಒಗ್ಗುತ್ತವೆ. ನೀರೇ ಅಲ್ಲಿಯ ಚಿಂತೆ. ದಪ್ಪನೆಯ ಹೊದಿಕೆ, ಅಕ್ಕಿ ತರಕಾರಿ ತೊಳೆದ ನೀರು, ಗಿಡಗಳ ನಡುವೆ ಕುತ್ತಿಗೆಯವರೆಗೆ ಹೂತ ಮಣ್ಣಿನ ಮಡಕೆಯಿಂದ ಜಿನುಗುವ ತೇವ, ಇವು ಬೇಸಗೆಯನ್ನು ದಾಟಿಸುತ್ತವೆ.

ಕಣ್ಣಿಗೆ ಕಾಣದ ಶತ್ರು

1961ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಆಲೂಗಡ್ಡೆಯ ಹೊನ್ನಿನ ಬಣ್ಣದ ಜಂತುಹುಳು ಪತ್ತೆಯಾದದ್ದು ಉದಕಮಂಡಲದಲ್ಲಿ. ಸಾಸಿವೆ ಕಾಳಿಗಿಂತ ಚಿಕ್ಕದಾದ ಅದರ ಗುಳ್ಳೆಯಲ್ಲಿ ನೂರಾರು ಮೊಟ್ಟೆಗಳಿದ್ದು, ಅವು ಮಣ್ಣಿನಲ್ಲಿ ಹಲವು ವರ್ಷ ಜೀವದಿಂದಿರುತ್ತವೆ. ಹಿತ್ತಲಿನವರು ಇದರಿಂದ ಮೂರು ಪಾಠ ಕಲಿಯಬೇಕು. ಆಲೂಗಡ್ಡೆ ಬೆಳೆದ ಹೊಲದ ಮಣ್ಣನ್ನು ಕುಂಡಕ್ಕೆ ತರಬಾರದು. ಅಂಗಡಿಯ ಆಲೂಗಡ್ಡೆಯನ್ನು ಬೀಜವೆಂದು ನೆಡಬಾರದು. ಆಲೂಗಡ್ಡೆ, ಟೊಮ್ಯಾಟೊ, ಬದನೆ ಒಂದೇ ಕುಟುಂಬದವಾದುದರಿಂದ ಇವುಗಳಲ್ಲಿ ಯಾವುದಾದರೂ ಒಂದು ಬೆಳೆದ ಪಾತಿಯಲ್ಲಿ ಮುಂದಿನ ಮೂರು ನಾಲ್ಕು ವರ್ಷ ಬಟಾಣಿ, ಮೂಲಂಗಿ, ಕ್ಯಾರೆಟ್, ಎಲೆಕೋಸುಗಳನ್ನು ಸರದಿಯಲ್ಲಿ ಹಾಕಬೇಕು.

ಮಂಜು ಕವಿದ ದಿನಗಳಲ್ಲಿ ಬರುವ ಅಂಗಮಾರಿ ರೋಗಕ್ಕೆ ಗಿಡಗಳ ನಡುವೆ ಗಾಳಿಯಾಡುವ ಅಂತರವೇ ಮೊದಲ ಮದ್ದು. ಬಸವನಹುಳುಗಳನ್ನು ರಾತ್ರಿ ದೀಪ ಹಿಡಿದು ಆರಿಸಿ ತೆಗೆಯಬೇಕು. ಬೇವಿನೆಣ್ಣೆಯ ಸಿಂಪಡಣೆಯಿಂದ ಎಲೆ ತಿನ್ನುವ ಹುಳುಗಳು ಕಡಿಮೆಯಾಗುತ್ತವೆ, ಪೂರ್ತಿ ಅಳಿಯುವುದಿಲ್ಲ. ಸಾವಯವ ಹಿತ್ತಲಿನವರು ತೂತು ಬಿದ್ದ ಕೆಲವು ಎಲೆಗಳನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಕಾಡಿನ ನೆರೆಹೊರೆ

ಇಲ್ಲಿಯ ಬೇರೆಲ್ಲ ಸವಾಲುಗಳಿಗಿಂತ ದೊಡ್ಡದು ಕಾಡುಪ್ರಾಣಿಗಳದು. ಕೂನೂರು, ಕೋತಗಿರಿಗಳಲ್ಲಿ ಕಾಟಿ ಮತ್ತು ಕರಡಿ, ಗೂಡಲೂರಿನಲ್ಲಿ ಆನೆ, ಮಸಿನಗುಡಿಯಲ್ಲಿ ಜಿಂಕೆ ಮತ್ತು ಆನೆ, ಎಲ್ಲೆಡೆ ಹಂದಿ, ಮುಳ್ಳುಹಂದಿ, ಕೋತಿ. ತೆರೆದಿಟ್ಟ ಕಾಂಪೋಸ್ಟ್ ರಾಶಿಗೆ ಹಣ್ಣಿನ ಸಿಪ್ಪೆ, ಮೀನು ಮಾಂಸದ ಚೂರು ಬಿದ್ದರೆ ಅದು ಪ್ರಾಣಿಗಳಿಗೆ ಕೊಟ್ಟ ಆಹ್ವಾನ. ಕಾಡಂಚಿನ ಮನೆಗಳಲ್ಲಿ ಭದ್ರವಾದ ಮುಚ್ಚಳದ ಡ್ರಮ್ಮಿನಲ್ಲೇ ಗೊಬ್ಬರ ಮಾಡಬೇಕು. ಹಲಸನ್ನು ಎಳೆಯದಿರುವಾಗಲೇ ಕೊಯ್ದು ಪಲ್ಯಕ್ಕೆ ಬಳಸಿದರೆ ಹಣ್ಣಿನ ಪರಿಮಳಕ್ಕೆ ಆನೆ ಅಂಗಳಕ್ಕೆ ಬರುವುದು ತಪ್ಪುತ್ತದೆ. ಬಾಳೆ, ಗೆಣಸುಗಳನ್ನು ಬಿಟ್ಟು, ಪ್ರಾಣಿಗಳು ಅಷ್ಟಾಗಿ ಮುಟ್ಟದ ಅರಿಶಿನ, ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಬೇಲಿಯ ಬದಿಗೆ ಹಾಕಬಹುದು. ಬೇಲಿಗೆ ಮನೆಯ ವಿದ್ಯುತ್ ಹರಿಸುವುದು ಅಪರಾಧ. ಅದು ಆನೆಯನ್ನೂ ಕೊಲ್ಲುತ್ತದೆ, ಆಡುವ ಮಗುವನ್ನೂ ಕೊಲ್ಲುತ್ತದೆ. ಮಬ್ಬುಗತ್ತಲಾದ ಮೇಲೆ ಕೊತ್ತಂಬರಿ ಕೀಳಲು ಮಕ್ಕಳನ್ನು ಹಿತ್ತಲಿಗೆ ಕಳುಹಿಸಬಾರದು.

ದೊರೆಯುವುದೇನು?

ಆರು ಅಡಿ ಉದ್ದ, ಮೂರು ಅಡಿ ಅಗಲದ ಎರಡು ಪಾತಿಗಳಿಂದ ಮನೆಯ ತರಕಾರಿ ಖರ್ಚು ಪೂರ್ತಿ ನಿಲ್ಲದು. ಈರುಳ್ಳಿ, ಆಲೂಗಡ್ಡೆ ಸಂತೆಯಿಂದಲೇ ಬರಬೇಕು. ಮೊದಲ ವರ್ಷದ ಇಳುವರಿಯೂ ಕಡಿಮೆ. ಹಿತ್ತಲು ನಿಜವಾಗಿ ಕೊಡುವುದು ಕಿತ್ತ ಗಳಿಗೆಯಿಂದಲೇ ಬಾಡತೊಡಗುವ, ಸಿಂಪಡಿಸಿದ ವಿಷವನ್ನು ಸುಲಭವಾಗಿ ಹೊರುವ ಸೊಪ್ಪುಗಳನ್ನು. ಮೆಂತ್ಯ, ಕೊತ್ತಂಬರಿ, ದಂಟು, ಸಬ್ಬಸಿಗೆಗಳಿಗೆ ಒಂದೆರಡು ತಿಂಗಳು ಸಾಕು. ಒಮ್ಮೆ ಹಬ್ಬಿದ ಸೀಮೆಬದನೆ ಬಳ್ಳಿ ನೆರೆಮನೆಗೂ ಹಂಚುವಷ್ಟು ಕಾಯಿ ಬಿಡುತ್ತದೆ.

ಮನೆಯಾಚೆಗೂ ಲಾಭವಿದೆ. ನೀಲಗಿರಿಯ ಹಲವು ಹೊಳೆಗಳು ಮೋಯಾರು, ಭವಾನಿಗಳ ಮೂಲಕ ಕಾವೇರಿಯನ್ನು ಸೇರುತ್ತವೆ. ಇಲ್ಲಿಯ ಇಳಿಜಾರಿನಲ್ಲಿ ಬಳಸದೆ ಉಳಿದ ಪ್ರತಿ ಲೋಟ ಕೀಟನಾಶಕವೂ ಕೆಳಗಿನ ಊರುಗಳ ಕುಡಿಯುವ ನೀರಿಗೆ ಮಾಡಿದ ಉಪಕಾರ. 2023ರಲ್ಲಿ ತಮಿಳುನಾಡು ಸರ್ಕಾರ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದೆ. ಅದರ ಆಶಯಕ್ಕೆ ಪ್ರತಿ ಮನೆಯೂ ತನ್ನ ಹಿತ್ತಲಿನಷ್ಟು ಜಾಗದಲ್ಲಿ ಕೈಗೂಡಿಸಬಹುದು.

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಇದರಿಂದ ಇನ್ನೊಂದು ಗಳಿಕೆಯುಂಟು. ಸಂತೆಯಲ್ಲಿ ಅವರು ಕೇಳುವುದು ಕೊತ್ತಮಲ್ಲಿ, ವೆಂದಯಂ, ಮುರುಂಗೈ. ಪಾಠದಲ್ಲಿ ಓದುವುದು ಕೊತ್ತಂಬರಿ, ಮೆಂತ್ಯ, ನುಗ್ಗೆ. ಎಲೆಯನ್ನು ಕೈಯಲ್ಲಿ ಹಿಡಿದಾಗ ಎರಡು ನುಡಿಗಳ ಹೆಸರೂ ಒಂದೇ ಗಿಡದಲ್ಲಿ ಕೂಡುತ್ತವೆ. ಬಿತ್ತಿದ ದಿನ, ಮೊಳೆತ ದಿನ, ಮಳೆ ಬಂದ ದಿನ, ಹುಳು ಕಂಡ ದಿನಗಳನ್ನು ಮಗು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟರೆ ಮರುವರ್ಷ ಆ ಮನೆಗೆ ಅದಕ್ಕಿಂತ ಒಳ್ಳೆಯ ಕೃಷಿ ಪಂಚಾಂಗ ಬೇರೆ ಸಿಗದು.

ಆರಂಭಕ್ಕೆ ಒಂದು ಪಾತಿ, ಎರಡು ಬಗೆಯ ಸೊಪ್ಪು ಸಾಕು. ಚೆನ್ನಾಗಿ ಬಂದ ಗಿಡಗಳಲ್ಲಿ ಒಂದೆರಡನ್ನು ಕೀಳದೆ ಬಲಿಯಲು ಬಿಟ್ಟು ಬೀಜ ಎತ್ತಿಡಬೇಕು. ವರ್ಷದ ಕೊನೆಯಲ್ಲಿ ತೂಗಿ ನೋಡಬೇಕಾದದ್ದು ಸೊಪ್ಪನ್ನಷ್ಟೇ ಅಲ್ಲ. ಪಾತಿಯಿಂದ ಒಂದು ಗುದ್ದಲಿ ಮಣ್ಣನ್ನೆತ್ತಿ ಅದರಲ್ಲಿ ಎಷ್ಟು ಎರೆಹುಳುಗಳಿವೆಯೆಂದು ಮಕ್ಕಳಿಂದ ಎಣಿಸಬೇಕು. ಆ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಹಿತ್ತಲು ಸರಿಯಾದ ದಾರಿಯಲ್ಲಿದೆ.