ಗಟ್ಟಿಯಾಗುವ ಮುನ್ನವೇ ಗುಟ್ಟು ತಿಳಿಯಬೇಕು

ಇಡ್ಲಿ ಬೆಂದ ಮೇಲೆ ಉಪ್ಪು ಕಡಿಮೆ ಎಂದು ಗೊತ್ತಾದರೆ ಚಟ್ನಿಯಲ್ಲಿ ಸರಿದೂಗಿಸಬಹುದು. ವಿಮಾನದ ರೆಕ್ಕೆಗೆ ಅಂಥ ಚಟ್ನಿ ಇಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡ ‘ತೇಜಸ್’ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಕಾಂಪೋಸಿಟ್‌ಗಳದ್ದೇ ಪಾಲು. ಅದರಲ್ಲಿ ಮುಖ್ಯವಾದದ್ದು ಕಾರ್ಬನ್ ಫೈಬರ್. ಎಪಾಕ್ಸಿ ರಾಳ ಹೀರಿಸಿದ ಕಾರ್ಬನ್ ಹಾಳೆಗಳನ್ನು ಅಚ್ಚಿನ ಮೇಲೆ ಒಂದರ ಮೇಲೊಂದು ಹಾಸುತ್ತಾರೆ. ಮೇಲೆ ಚೀಲ ಹೊದಿಸಿ, ಒಳಗಿನ ಗಾಳಿಯನ್ನು ಹೊರಗೆಳೆದು, ‘ಆಟೋಕ್ಲೇವ್’ ಎಂಬ ದೈತ್ಯ ಪ್ರೆಶರ್ ಕುಕ್ಕರ್‌ಗೆ ಸೇರಿಸುತ್ತಾರೆ. ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್ ಶಾಖ, 7 ಬಾರ್‌ನಷ್ಟು ಒತ್ತಡ, ಹಲವು ಗಂಟೆಗಳ ಕಾಯುವಿಕೆ. ಇದೇ ಕ್ಯೂರಿಂಗ್. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ.

ಎಡವಟ್ಟಾಗುವುದೂ ಇಲ್ಲಿಯೇ. ಚೀಲ ಸೋರಿದರೆ, ಹಾಳೆಗಳಲ್ಲಿ ತೇವ ಉಳಿದಿದ್ದರೆ ಒಳಗೆ ಸಣ್ಣ ಗುಳ್ಳೆಗಳು ಸಿಕ್ಕಿಬೀಳುತ್ತವೆ. ದಪ್ಪ ಭಾಗಗಳಲ್ಲಿ ರಾಳ ತಾನೇ ಶಾಖ ಉಗುಳಿ ಮಿತಿ ಮೀರಿ ಬಿಸಿಯಾಗಬಹುದು. ಹೊರಗೆ ಮಾತ್ರ ಎಲ್ಲ ನುಣುಪಾಗಿಯೇ ಕಾಣುತ್ತದೆ. ಗುಳ್ಳೆಗಳಿದ್ದಲ್ಲಿ ಪದರಗಳ ಹಿಡಿತ ಸಡಿಲ.

ತಯಾರಾದ ಭಾಗವನ್ನು ಅಲ್ಟ್ರಾಸಾನಿಕ್ ತರಂಗಗಳಿಂದ ಪರೀಕ್ಷಿಸುವುದು ರೂಢಿ. ಆದರೆ ಆ ಹೊತ್ತಿಗೆ ಉಳಿಯುವ ದಾರಿ ಎರಡೇ: ದುರಸ್ತಿ ಅಥವಾ ಗುಜರಿ. ಹಾಗಾಗಿ ಬೇಯುತ್ತಿರುವಾಗಲೇ ನಿಗಾ ಇಡುವುದು ಜಾಣತನ. ಥರ್ಮೋಕಪಲ್ ಶಾಖ ಹೇಳುತ್ತದೆ. ನಿರ್ವಾತ ಮಾಪಕ ಸೋರಿಕೆ ತಿಳಿಸುತ್ತದೆ. ಡೈಎಲೆಕ್ಟ್ರಿಕ್ ಸೆನ್ಸರ್ ರಾಳ ಎಷ್ಟು ಗಟ್ಟಿಯಾಯಿತೆಂದು ಅದರ ವಿದ್ಯುತ್ ಗುಣದಿಂದಲೇ ಅಳೆಯುತ್ತದೆ. ಪದರಗಳ ನಡುವೆ ಹುದುಗಿಸಿದ ಆಪ್ಟಿಕಲ್ ಫೈಬರ್, ಬೆಳಕಿನ ತರಂಗಾಂತರದ ಬದಲಾವಣೆಯಿಂದ ಒಳಗಿನ ಶಾಖ ಮತ್ತು ಎಳೆತದ ಸುಳಿವು ಕೊಡುತ್ತದೆ. ರಾಳ ಜೆಲ್‌ನಂತೆ ಬಿಗಿಯುವ ಮುನ್ನ ಈ ಸುಳಿವು ಸಿಕ್ಕರೆ ಶಾಖವನ್ನೋ ಒತ್ತಡವನ್ನೋ ತಿದ್ದಬಹುದು. ಆ ಗಡಿ ದಾಟಿದರೆ ಗುಳ್ಳೆ ಅಲ್ಲಿಯೇ ಶಾಶ್ವತ.

ಇದರಲ್ಲೂ ಒಂದು ತೊಡಕಿದೆ. ಕಾರ್ಬನ್ ಎಳೆಯ ದಪ್ಪ ಸುಮಾರು 7 ಮೈಕ್ರಾನ್. ಸಾಮಾನ್ಯ ಆಪ್ಟಿಕಲ್ ಫೈಬರ್‌ನದು 125. ಕಾವಲಿಗೆ ಇಟ್ಟ ಎಳೆಯೇ ದೋಷವಾಗಬಾರದಲ್ಲ!

ಈ ಕೆಲಸ ಒಂದೇ ಬ್ರಾಂಚ್‌ನವರದ್ದಲ್ಲ. ರಾಳದ ವರ್ತನೆಗೆ ರಸಾಯನಶಾಸ್ತ್ರ, ಸೆನ್ಸರ್‌ಗೆ ಎಲೆಕ್ಟ್ರಾನಿಕ್ಸ್, ಅಚ್ಚಿಗೆ ಮೆಕ್ಯಾನಿಕಲ್, ದತ್ತಾಂಶ ಓದಲು ಕಂಪ್ಯೂಟರ್ ಸೈನ್ಸ್ ಬೇಕು. ಬೆಂಗಳೂರಿನ ಎನ್‌ಎಎಲ್ ಆಟೋಕ್ಲೇವ್‌ಗಳನ್ನೇ ದೇಶೀಯವಾಗಿ ರೂಪಿಸಿದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಬೇರೆ ಬ್ರಾಂಚ್‌ನ ಗೆಳೆಯನೊಬ್ಬನನ್ನು ಜೊತೆ ಮಾಡಿಕೊಂಡು, ಸಣ್ಣ ಎಪಾಕ್ಸಿ ತುಂಡೊಂದು ಗಟ್ಟಿಯಾಗುವಾಗಿನ ಶಾಖದ ಏರಿಳಿತ ದಾಖಲಿಸುವುದರಿಂದಲೇ ಶುರು ಮಾಡಬಹುದು.