ತಾಳಿಯಿಲ್ಲದಿದ್ದರೂ ಮಗುವಿಗೆ ಅಪ್ಪನಿದ್ದಾನೆ

ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಬಂದ ನಮ್ಮ ಹುಡುಗ ಹುಡುಗಿಯರಲ್ಲಿ ಮದುವೆಯಾಗದೆ ಒಟ್ಟಿಗೆ ಬಾಳುವವರೂ ಇದ್ದಾರೆ. ಅದು ಸರಿಯೋ ತಪ್ಪೋ ಎಂದು ನಾವು ಎಷ್ಟು ಬೇಕಾದರೂ ಚರ್ಚಿಸಬಹುದು. ಆದರೆ ಅಂಥ ಜೋಡಿಗೆ ಮಗು ಹುಟ್ಟಿ, ಗಂಡಸು ಫೋನ್ ನಂಬರ್ ಬದಲಿಸಿ ಬೇರೆ ಊರಿಗೆ ಹೊರಟುಹೋದಾಗ ಚರ್ಚೆಯ ಹೊತ್ತು ಮುಗಿದಿರುತ್ತದೆ. ಹಾಲಿಗೆ, ಔಷಧಿಗೆ, ಶಾಲೆಯ ಫೀಸಿಗೆ ದುಡ್ಡು ಬೇಕು. 'ತಾಳಿಯೇ ಇಲ್ಲ, ಯಾವ ಮುಖ ಇಟ್ಟುಕೊಂಡು ಕೋರ್ಟಿಗೆ ಹೋಗಲಿ?' ಎಂದು ತಾಯಿ ಸುಮ್ಮನಾಗುತ್ತಾಳೆ. ಈ ಹಿಂಜರಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಎರಡೂ ಒಂದೇ ಮಾತು ಹೇಳುತ್ತವೆ: ಔರಸನಾಗಲಿ ಅನೌರಸನಾಗಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವನ್ನು ಶಕ್ತನಾದ ತಂದೆ ಸಾಕಬೇಕು. ಇದಕ್ಕೆ ಜಾತಿ, ಧರ್ಮದ ಭೇದವಿಲ್ಲ. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೇ ಕಲಮೂ ಇದೇ ಹೊಣೆಯನ್ನು ಹೊರಿಸಿದೆ.

ತಾಯಿಯ ಸ್ವಂತ ಜೀವನಾಂಶದ ಪ್ರಶ್ನೆ ಬೇರೆ. ಆಕೆ ಕಾನೂನಿನ ಪ್ರಕಾರ ಪತ್ನಿಯಲ್ಲದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ, 'ಮದುವೆಯಂಥ ಸಂಬಂಧ' ಇತ್ತೆಂದು ತೋರಿಸಬೇಕಾಗುತ್ತದೆ. ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ಇಂದ್ರಾ ಶರ್ಮ ಪ್ರಕರಣದಲ್ಲಿ (2013), ಆತ ವಿವಾಹಿತನೆಂದು ತಿಳಿದೇ ಜೊತೆಗಿದ್ದ ಮಹಿಳೆಗೆ ಆ ರಕ್ಷಣೆ ಸಿಗಲಿಲ್ಲ. ಆದರೆ ತಾಯಿಯ ಅರ್ಜಿ ಬಿದ್ದುಹೋದರೂ ಮಗುವಿನ ಹಕ್ಕು ಬೀಳುವುದಿಲ್ಲ.

ಆತ 'ಮಗು ನನ್ನದಲ್ಲ' ಎಂದರೆ? ಮದುವೆಯೊಳಗೆ ಹುಟ್ಟಿದ ಮಗುವಿಗೆ ಗಂಡನೇ ತಂದೆಯೆಂದು ಕಾನೂನು ಭಾವಿಸುತ್ತದೆ. ಮದುವೆಯಿಲ್ಲದಲ್ಲಿ ಪಿತೃತ್ವವನ್ನು ತೋರಿಸುವ ಭಾರ ತಾಯಿಯ ಮೇಲೆ ಬೀಳುತ್ತದೆ. ಆದ್ದರಿಂದ ಸಿಟ್ಟಿನಲ್ಲಿ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಬಾಡಿಗೆ ಕರಾರು, ಹೆರಿಗೆ ಆಸ್ಪತ್ರೆಯ ಕಾಗದ, ಫೋಟೋ, ಹಣ ಕಳುಹಿಸಿದ ದಾಖಲೆ ಎಲ್ಲವೂ ಬೇಕು. ಕೇಳಿದವರಿಗೆಲ್ಲ ನ್ಯಾಯಾಲಯ ಡಿಎನ್‌ಎ ಪರೀಕ್ಷೆಗೆ ಆದೇಶಿಸುವುದಿಲ್ಲ; ಮೊದಲು ಬಲವಾದ ಕಾರಣ ಕಾಣಬೇಕು. ಆದೇಶವಾದ ಮೇಲೂ ಆತ ಒಪ್ಪದಿದ್ದರೆ ಅದನ್ನು ಅವನ ವಿರುದ್ಧವೇ ಪರಿಗಣಿಸಬಹುದು. ಹಿರಿಯ ರಾಜಕಾರಣಿ ಎನ್.ಡಿ. ತಿವಾರಿಯವರ ವಿರುದ್ಧ ರೋಹಿತ್ ಶೇಖರ್ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ವರ್ಷಗಳ ಕಾಲ ರಕ್ತದ ಮಾದರಿ ಕೊಡಲು ಒಪ್ಪದ ತಿವಾರಿಯವರು 2012ರಲ್ಲಿ ಕೊಡಲೇಬೇಕಾಯಿತು. ಅವರೇ ತಂದೆಯೆಂದು ಸಾಬೀತಾಯಿತು.

ಹೊರನಾಡಿನಲ್ಲಿರುವ ನಾವು ಮುಖ್ಯವಾಗಿ ಗಮನಿಸಬೇಕಾದದ್ದು, ಅರ್ಜಿ ಎಲ್ಲಿ ಹಾಕಬೇಕು ಎಂಬುದು. ಕಾಯಿದೆಯ ಪ್ರಕಾರ ಆತ ಇರುವ ಊರಿನಲ್ಲಿ, ಇಲ್ಲವೇ ಮಗುವಿನ ತಾಯಿಯೊಂದಿಗೆ ಆತ ಕೊನೆಯದಾಗಿ ವಾಸವಿದ್ದ ಊರಿನಲ್ಲಿ ಹಾಕಬಹುದು. ಪುಣೆಯಲ್ಲಿ ಒಟ್ಟಿಗಿದ್ದು, ಆಕೆ ಹುಬ್ಬಳ್ಳಿಯ ತವರಿಗೆ ಮರಳಿದ್ದರೂ ಪುಣೆಯಲ್ಲಿ ಅರ್ಜಿ ಹಾಕಬಹುದು ಎಂದಾಯಿತು. ಆದೇಶ ಸಿಕ್ಕಿದ ಮೇಲೆ ಆತ ಚೆನ್ನೈಗೋ ದೆಹಲಿಗೋ ಕೆಲಸ ಬದಲಿಸಿದರೂ, ಆತ ಇರುವಲ್ಲಿನ ಮ್ಯಾಜಿಸ್ಟ್ರೇಟರೇ ಅದನ್ನು ಜಾರಿ ಮಾಡಬಲ್ಲರು.

ಮೊತ್ತಕ್ಕೆ ಹಿಂದೆ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು; 2001ರಲ್ಲಿ ಅದು ರದ್ದಾಯಿತು. ಪ್ರಕರಣ ಮುಗಿಯುವ ತನಕ ಕಾಯಬೇಕಿಲ್ಲ, ಮಧ್ಯಂತರ ಜೀವನಾಂಶ ಕೇಳಬಹುದು. ಆ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ಮುಗಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿದೆ. ಕಾರಣವಿಲ್ಲದೆ ಕೊಡದಿದ್ದರೆ ವಾರಂಟು, ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ. ಆದರೆ ಬಾಕಿ ವಸೂಲಿಯ ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಬೇಕು. 'ನೋಡೋಣ, ಕೊಟ್ಟಾನು' ಎಂದು ಕಾದರೆ ನಷ್ಟ ಮಗುವಿಗೇ.

ಆತನ ಹೆಸರೇ ಬೇಡ ಎನ್ನುವ ತಾಯಂದಿರಿಗೂ ದಾರಿಯಿದೆ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿಯಾಗಬಹುದು, ಪ್ರಮಾಣಪತ್ರ ಕೊಟ್ಟರೆ ಮಗುವಿನ ಜನನ ಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2015ರ ಜುಲೈ 6ರಂದು ಹೇಳಿತು. ಮಹಾರಾಷ್ಟ್ರದಲ್ಲಿ 2024ರ ಮೇ 1ರ ನಂತರ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಬಳಿಕ ಮೊದಲು ಬರುವುದು ತಾಯಿಯ ಹೆಸರೇ.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ, ಸಹಾಯವಾಣಿ 15100. ಅಕ್ಕಪಕ್ಕದ ಕನ್ನಡದ ಹುಡುಗಿಯೊಬ್ಬಳು ಕೂಸು ಎತ್ತಿಕೊಂಡು ಬಂದರೆ 'ಮದುವೆ ಯಾವಾಗ ಆಯಿತು?' ಎಂದು ಕೇಳುವ ಮೊದಲು ಈ ನಂಬರ್ ಕೊಡಿ. ಭಾಷೆ ಬಾರದ ಊರಿನ ಕೋರ್ಟಿಗೆ ಮೊದಲ ದಿನ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.