ಕೆಂಚನ ಆರು ವಾರ

ಅವತ್ತು ಗುರುವಾರ, ಸಂಜೆ ಆರೂವರೆ. ಲ್ಯಾಪ್‌ಟಾಪ್ ಮುಂದೆ ಕೂತು ಕ್ಲೈಂಟ್ ಜತೆ ಮಾತಾಡ್ತಿದ್ದೆ. ಸೆಕೆ ಅಂತ ಬಾಲ್ಕನಿ ಬಾಗಿಲು ತೆಗೆದಿಟ್ಟಿದ್ದೆ. ಕೆಂಚ ಅಲ್ಲಿನ ಕಂಬಿ ಮೇಲೆ ಕೂತು ಪಾರಿವಾಳ ನೋಡೋದು ದಿನಾ ಇದ್ದದ್ದೇ. ಬೆಕ್ಕಲ್ವಾ, ಬೀಳಲ್ಲ ಅನ್ನೋದು ನನ್ನ ನಂಬಿಕೆ. ಕೆಳಗಿನಿಂದ ವಾಚ್‌ಮನ್ ಕೂಗಿದಾಗಲೇ ಗೊತ್ತಾಗಿದ್ದು. "ಸರ್, ನಿಮ್ ಬೆಕ್ಕು ಬಿದ್ದೈತೆ!"

ಬೆಂಗಳೂರಿನಲ್ಲಿ ನನ್ನದು ಮೂರನೇ ಮಹಡಿಯ ಬಾಡಿಗೆ ಮನೆ. ಓಡಿ ಹೋಗಿ ನೋಡಿದರೆ ಕೆಂಚ ಬಿದ್ದ ಜಾಗದಲ್ಲಿ ಇರಲೇ ಇಲ್ಲ. ಮುಂಗಾಲಲ್ಲೇ ಮೈ ಎಳ್ಕೊಂಡು ಹೋಗಿ, ನಿಲ್ಲಿಸಿದ್ದ ಸ್ಕೂಟರಿನ ಅಡಿ ಸೇರಿಕೊಂಡಿದ್ದ. ಗಲ್ಲದ ಹತ್ತಿರ ಒಂದು ತರಚು ಗಾಯ, ಅಷ್ಟೇ ರಕ್ತ. ಅವನು ಕೂಗಲೂ ಇಲ್ಲ. ನಾಯಿ ಥರ ಬಾಯಿ ತೆರೆದು ಉಸಿರು ಬಿಡ್ತಿದ್ದ. ಸದ್ಯ, ದೊಡ್ಡ ಪೆಟ್ಟೇನಿಲ್ಲ ಅಂದುಕೊಂಡೆ. ಬಿದ್ದ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದೇ ದೊಡ್ಡ ಅಪಾಯದ ಗುರುತು ಅಂತ ನನಗೆ ಗೊತ್ತಿರಲಿಲ್ಲ.

ಪಶುವೈದ್ಯರಿಗೆ ಫೋನ್ ಮಾಡಿದೆ. "ಮನೇಲಿ ಪ್ಯಾರಾಸಿಟಮಾಲ್ ಇದೆ ಡಾಕ್ಟ್ರೇ, ನೋವಿಗೆ ಕಾಲು ಮಾತ್ರೆ ಪುಡಿ ಮಾಡಿ ಹಾಲಲ್ಲಿ ಕೊಡ್ಲಾ?" ಅಂದೆ. ಅವರು ಹೆಚ್ಚುಕಮ್ಮಿ ಕಿರುಚಿದರು. "ಕೊಟ್ಟುಬಿಟ್ಟೀರಿ! ಬಿದ್ದ ಪೆಟ್ಟಿಗೆ ಉಳಿದರೂ ನಿಮ್ಮ ಮಾತ್ರೆಗೆ ಸಾಯುತ್ತೆ. ಏನೂ ಕೊಡಬೇಡಿ. ತಕ್ಷಣ ಕರ್ಕೊಂಡು ಬನ್ನಿ."

ಬೆಕ್ಕು ಸಾಕಿದವರೆಲ್ಲ ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ಸಂಭಾಳಿಸುತ್ತದೆ. ಬೆಕ್ಕಿನ ಮೈಯಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಹಾಗಾಗಿ ಅದು ವಿಷವಾಗಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗಿಬಿಡುತ್ತದೆ. ಒಂದೇ ಒಂದು ಮಾತ್ರೆಯೂ ಪ್ರಾಣ ತೆಗೆಯಬಹುದು. ನಾನು ಪ್ರೀತಿಯಿಂದಲೇ ಅದನ್ನು ಕೊಡೋಕೆ ಹೊರಟಿದ್ದೆ.

ರಟ್ಟಿನ ಪೆಟ್ಟಿಗೆಯೊಂದರಲ್ಲಿ ಟವೆಲ್ ಹಾಸಿ, ಕೆಂಚನನ್ನು ಇನ್ನೊಂದು ಟವೆಲ್ ಸಮೇತ ಮೆಲ್ಲಗೆ ಜಾರಿಸಿ ಮಲಗಿಸಿದೆ. ಆಟೋದವರು ಹಂಪ್ ಬಂದಾಗಲೆಲ್ಲ "ಹಿಡ್ಕೊಳಿ ಸಾರ್" ಅಂತ ಹೇಳಿ ಹೇಳಿ ನಿಧಾನ ಮಾಡಿದರು.

ಆಸ್ಪತ್ರೆಯಲ್ಲಿ ಮೊದಲು ಆಮ್ಲಜನಕ ಕೊಟ್ಟರು, ನೋವಿನ ಇಂಜೆಕ್ಷನ್ ಹಾಕಿದರು. "ಎಕ್ಸ್-ರೇ ಯಾಕೆ ತೆಗೀತಿಲ್ಲ?" ಅಂತ ನಾನು ಅವಸರ ಮಾಡಿದೆ. "ಉಸಿರು ಕಷ್ಟ ಇರುವಾಗ ಮಲಗಿಸಿ ಒತ್ತಿ ಹಿಡಿದರೆ ಅಲ್ಲೇ ಹೋಗಬಹುದು. ಮೂಳೆ ನಾಳೆವರೆಗೆ ಕಾಯುತ್ತೆ, ಉಸಿರು ಕಾಯಲ್ಲ" ಅಂದರು ಡಾಕ್ಟರು. ಮಾರನೇ ದಿನ ಗೊತ್ತಾಯ್ತು: ಶ್ವಾಸಕೋಶಕ್ಕೆ ಪೆಟ್ಟು, ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ಹಿಂಗಾಲಿನ ಬೆರಳು ಚಿವುಟಿದಾಗ ಮಾತ್ರ ಕಾಲು ಎಳ್ಕೊಂಡು ಗುರ್ ಅಂದ. ಅದು ಒಳ್ಳೇ ಲಕ್ಷಣವಂತೆ.

"ಮೂಳೆ ಕೂಡುತ್ತೆ. ಆದರೆ ತಾನಾಗಿ ಉಚ್ಚೆ ಮಾಡಬೇಕು. ಅಲ್ಲಿವರೆಗೆ ಏನೂ ಹೇಳೋಕಾಗಲ್ಲ. ಆ ನರ ಪೂರ್ತಿ ಹೋಗಿದ್ದರೆ, ನೋವಿಲ್ಲದ ಹಾಗೆ ಕಳಿಸಿಕೊಡೋದನ್ನೂ ಯೋಚಿಸಬೇಕಾಗುತ್ತೆ." ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ಹೊರಗೆ ಬಂದು ಪಾರ್ಕಿಂಗ್‌ನಲ್ಲಿ ಸುಮ್ಮನೆ ನಿಂತೆ. ಆಫೀಸಿನ ಗೆಳೆಯ ಫೋನಿನಲ್ಲಿ, "ಬೇಜಾರಾಗ್ಬೇಡ ಮಗಾ, ಬೀದಿ ಬೆಕ್ಕು ತಾನೇ, ಇನ್ನೊಂದು ತಂದ್ರಾಯ್ತು" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ. ನಾನು ಫೋನ್ ಇಟ್ಟೆ.

ಆ ರಾತ್ರಿ ಅಂತರ್ಜಾಲದಲ್ಲಿ ಹುಡುಕಾಡಿದೆ. ಇದಕ್ಕೆ 'ಹೈ-ರೈಸ್ ಸಿಂಡ್ರೋಮ್' ಅಂತ ಹೆಸರೇ ಇದೆ. ನ್ಯೂಯಾರ್ಕ್‌ನ ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದ್ದವು. ಖುಷಿಯಾಯ್ತು. ಆದರೆ ದಿನಾ ಡೇಟಾ ಜತೆ ಏಗುವವನಿಗೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಬಿದ್ದಲ್ಲೇ ಸತ್ತ ಬೆಕ್ಕುಗಳನ್ನು ಯಾರು ಆಸ್ಪತ್ರೆಗೆ ತರ್ತಾರೆ? ಅವು ಆ ಲೆಕ್ಕದಲ್ಲೇ ಇಲ್ಲ. ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿ ಕಾಲ ಮೇಲೆ ಇಳಿಯುತ್ತದೆ, ನಿಜ. ಹಾಗಂತ ಪೆಟ್ಟಾಗೋದಿಲ್ಲ ಅಂತಲ್ಲ.

ಮೂರನೇ ದಿನ, ಶನಿವಾರ ರಾತ್ರಿ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. "ಸರ್, ಕೆಂಚ ಉಚ್ಚೆ ಮಾಡ್ದ!" ನನಗೆ ಕೆಲಸ ಸಿಕ್ಕ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ.

ಸೋಮವಾರ ಮನೆಗೆ ಕರೆತಂದೆ. ಮೂಳೆ ತುಂಡುಗಳು ಹೆಚ್ಚು ಜರುಗಿರಲಿಲ್ಲವಾದ್ದರಿಂದ ಆಪರೇಷನ್ ಬೇಡ ಅಂದಿದ್ದರು. ಬದಲಿಗೆ ಆರು ವಾರ ಪಂಜರ. ಮೂರಡಿ ಉದ್ದ, ಎರಡಡಿ ಅಗಲ. ಒಂದು ಮೂಲೆಯಲ್ಲಿ ಹಾಸಿಗೆ, ಇನ್ನೊಂದರಲ್ಲಿ ಮರಳಿನ ತಟ್ಟೆ. ಕಾಲೆತ್ತಿ ದಾಟೋದು ಕಷ್ಟವಾಗಬಾರದು ಅಂತ ತಟ್ಟೆಯ ಅಂಚನ್ನು ಒಂದು ಕಡೆ ಕತ್ತರಿಸಿದೆ. ಹಾರಬಾರದು, ಹತ್ತಬಾರದು, ಓಡಬಾರದು. ಅದೇ ಚಿಕಿತ್ಸೆ.

ಆಸ್ಪತ್ರೆಯಲ್ಲಿ ಚೂರುಪಾರು ತಿಂದವನು ಮನೆಗೆ ಬಂದ ಮೇಲೆ ಊಟವನ್ನೇ ಮುಟ್ಟಲಿಲ್ಲ. ಕೆಲವು ದಿನ ಉಪವಾಸ ಬಿದ್ದರೆ ಬೆಕ್ಕಿನ ಮೈಯ ಕೊಬ್ಬೆಲ್ಲ ಯಕೃತ್ತಿಗೆ ತುಂಬಿಕೊಂಡು, ಅದೇ ಪ್ರಾಣಕ್ಕೆ ಕುತ್ತಾಗಬಹುದು. "ನಾಳೆಯೂ ತಿನ್ನದಿದ್ದರೆ ಮೂಗಿಗೆ ಟ್ಯೂಬ್ ಹಾಕೋಣ" ಅಂದಿದ್ದರು. ನನಗೋ ವಾರಕ್ಕೆ ಮೂರು ದಿನ ಆಫೀಸು. ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ.

"ಬೆಕ್ಕಿನ ಬಾಣಂತನಕ್ಕೆ ನಾನು ಬರ್ಬೇಕನಾ?" ಅಂದರು ಅಮ್ಮ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಅಲ್ಲಿ ಬೆಕ್ಕು ಇರೋದು ಇಲಿ ಹಿಡಿಯೋಕೆ. ಹೀಗೆ ಬೈದವರು ಬುಧವಾರ ಬೆಳಗ್ಗೆ ರಾತ್ರಿ ಬಸ್ಸಿನಿಂದ ಇಳಿದರು. ಚೀಲದಲ್ಲಿ ಉಪ್ಪಿನಕಾಯಿ ಜತೆ ಹಳೇ ಹತ್ತಿ ಸೀರೆಯ ನಾಲ್ಕು ತುಂಡು. "ಅವನಿಗೆ ಹಾಸೋಕೆ. ಮೆತ್ತಗಿರ್ತದೆ."

ನನ್ನಮ್ಮ ಮೊಟ್ಟೆಯನ್ನೂ ಮುಟ್ಟದವರು. ಅವತ್ತು ಸೆರಗಿನಿಂದ ಮೂಗು ಮುಚ್ಚಿಕೊಂಡು, ಫ್ರಿಜ್ಜಿನಲ್ಲಿದ್ದ ಮೀನಿನ ಪೊಟ್ಟಣವನ್ನು ಬಿಸಿನೀರಲ್ಲಿ ಅದ್ದಿಟ್ಟರು. "ತಣ್ಣಗಿದ್ದಿದ್ದು ಯಾರಿಗೆ ಸೇರ್ತದೆ ಮಾರಾಯ? ಕಾಯಿಲೆ ಬಿದ್ದೋರಿಗೆ ಬೆಚ್ಚಗೆ ಕೊಡ್ಬೇಕು." ಬಿಸಿಗೆ ವಾಸನೆ ಎದ್ದಿತು. ಕೆಂಚನ ಮೂಗು ಅಲುಗಾಡಿತು. ಮೊದಲು ಅಮ್ಮನ ಬೆರಳು ನೆಕ್ಕಿದ, ಆಮೇಲೆ ಮೂರು ಚಮಚ ತಿಂದ. ಅಮ್ಮ ಐದು ಸಲ ಕೈ ತೊಳೆದರು.

ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಊಟ, ನೀರು, ಉಚ್ಚೆ, ಕಕ್ಕ, ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು. ಉಸಿರು 30ರೊಳಗೆ ಇರಬೇಕು. ಅಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡೋರು, ನಾನು ರಾತ್ರಿ ಬಂದು ಶೀಟಿಗೆ ಹಾಕ್ತಿದ್ದೆ. ಇಪ್ಪತ್ತಮೂರನೇ ದಿನ ಎಚ್ಚರಿಕೆ ಕೊಟ್ಟಿದ್ದು ಆ ಕ್ಯಾಲೆಂಡರೇ. ಮೂರು ದಿನದಿಂದ ಕಕ್ಕ ಇಲ್ಲ. ಸೊಂಟದ ಮೂಳೆ ಕೂಡುವಾಗ ಒಳಗಿನ ದಾರಿ ಕಿರಿದಾದರೆ ಹೀಗಾಗಬಹುದಂತೆ. ಬೇಗ ಹೋಗಿದ್ದರಿಂದ ಒಂದು ಎನಿಮಾ, ಒಂದು ಸಿರಪ್‌ನಲ್ಲಿ ಮುಗಿಯಿತು.

ಒಂದು ರಾತ್ರಿ ಪಂಜರದ ಮುಂದೆ ಕೂತು ಅಮ್ಮ ಕೇಳಿದರು. "ನಮ್ಮನೆ ಬಿಳಿ ಬೆಕ್ಕು ನೆನಪಿದೆಯಾ?" ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನ ಬೆಕ್ಕದು. "ಕಾಡಿಗೆ ಹೋಯ್ತು ಅಂದಿದ್ರಿ" ಅಂದೆ.

"ಕಾಡಿಗೆ ಹೋಗಿರ್ಲಿಲ್ಲ. ಅಟ್ಟದಿಂದ ಬಿದ್ದು ಪೆಟ್ಟಾಗಿತ್ತು. ಕೂಗ್ಲಿಲ್ಲ, ಏನಿಲ್ಲ. ಎಲ್ಲೋ ತಿರುಗೋಕೆ ಹೋಗಿದೆ ಅಂದ್ಕೊಂಡ್ವಿ. ನಾಲ್ಕು ದಿನ ಆದ್ಮೇಲೆ ಸೌದೆ ಕೊಟ್ಟಿಗೆ ಮೂಲೇಲಿ ಸಿಕ್ತು. ಹುಡುಕಿದ್ರೆ ಉಳೀತಿತ್ತೋ ಏನೋ."

ಸ್ಕೂಟರಿನ ಅಡಿ ಸದ್ದಿಲ್ಲದೆ ಕೂತಿದ್ದ ಕೆಂಚ ನೆನಪಾದ. ನೋವಾದ ಬೆಕ್ಕು ಬಚ್ಚಿಟ್ಟುಕೊಳ್ಳುತ್ತದೆ. ಅದು ಸುಮ್ಮನಿದೆ ಅಂದರೆ ಆರಾಮಾಗಿದೆ ಅಂತ ಅರ್ಥವಲ್ಲ.

ಕೊನೆಯ ಎರಡು ವಾರವೇ ಕಷ್ಟದ್ದು. ನೋವು ಇಳಿದಿತ್ತು, ಮೂಳೆ ಇನ್ನೂ ಗಟ್ಟಿಯಾಗಿರಲಿಲ್ಲ. ರಾತ್ರಿಯಿಡೀ ಕೂಗಿ ಸರಳು ಕೆರೆಯುತ್ತಿದ್ದ. ನಾನು ಅಂಡು ಸುಟ್ಟ ಬೆಕ್ಕಿನ ಹಾಗೆ ಹಾಲಿನಲ್ಲಿ ಓಡಾಡುತ್ತಿದ್ದೆ. ಒಂದು ಸಲ ಚಿಲಕಕ್ಕೆ ಕೈ ಹಾಕಿಯೇಬಿಟ್ಟೆ. "ಪಾಪ ಅಂತ ಬಿಟ್ರೆ ಪಾಪ ನಿಂಗೇ ಸುತ್ಕೊಳ್ಳೋದು" ಅಂದರು ಅಮ್ಮ, ಹಾಸಿಗೆಯಿಂದ ಏಳದೆ.

ಆರು ವಾರದ ಎಕ್ಸ್-ರೇಯಲ್ಲಿ ಮೂಳೆ ಕೂಡಿತ್ತು. ಪಂಜರದ ಬಾಗಿಲು ತೆಗೆದಾಗ ಕೆಂಚ ಅರ್ಧ ಗಂಟೆ ಹೊರಗೇ ಬರಲಿಲ್ಲ. ಆಮೇಲೆ ಬಂದು ಸೀದಾ ಅಡುಗೆಮನೆಗೆ ಹೋಗಿ ಅಮ್ಮನ ಕಾಲಿಗೆ ಮೈ ಉಜ್ಜಿದ. ಈಗಲೂ ಎಡಗಾಲು ಸ್ವಲ್ಪ ಎಳೆಯುತ್ತಾನೆ. ಫ್ರಿಜ್ ಮೇಲೆ ಹಾರುವ ಆಟ ಇಲ್ಲ.

ಎಲ್ಲ ಸೇರಿ 52 ಸಾವಿರ ರೂಪಾಯಿ ಖರ್ಚಾಯಿತು. ಮನೆ ಮಾಲೀಕರನ್ನು ಕೇಳಿ ಬಾಲ್ಕನಿಗೆ ಗಟ್ಟಿ ಜಾಲರಿ ಹಾಕಿಸಿದೆ, ಅದಕ್ಕೆ 4 ಸಾವಿರ. ಮೊದಲೇ ಹಾಕಿಸಬಹುದಿತ್ತು. ಮಹಡಿ ಮನೆಯಲ್ಲಿ ಬೆಕ್ಕು ಸಾಕಿದವರು ಈ ಭಾನುವಾರವೇ ಹಾಕಿಸಿಬಿಡಿ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯ್ತು. ಫೋನ್ ಮಾಡಿದರೆ ಮೊದಲ ಪ್ರಶ್ನೆ ಈಗಲೂ "ಕೆಂಚ ಉಚ್ಚೆ ಮಾಡಿದ್ನಾ?" ಮೊನ್ನೆ ಮಾತ್ರ ಬೇರೆ ಸುದ್ದಿ ಇತ್ತು. ಊರ ಮನೆಯ ಬೂದು ಬೆಕ್ಕು ಎರಡು ದಿನದಿಂದ ಕಾಣಿಸಿರಲಿಲ್ಲವಂತೆ. ಅಮ್ಮ ಟಾರ್ಚ್ ಹಿಡಿದು ಅಟ್ಟ, ಕೊಟ್ಟಿಗೆ, ಸೌದೆ ರಾಶಿ ಎಲ್ಲ ಜಾಲಾಡಿದರಂತೆ.

"ಸಿಕ್ತಾ?" ಅಂದೆ ಗಾಬರಿಯಿಂದ.

"ಸಿಕ್ತು ಮಾರಾಯ. ಹುಲ್ಲಿನ ಹಿಂದೆ. ನಾಲ್ಕು ಮರಿ ಹಾಕಿದೆ. ಅದರಲ್ಲೊಂದು ಕೆಂಚು."